ಮದ್ರಾಸ್ ಕೋಟೆ 1746ರಲ್ಲಿ ಮೂರೇ ದಿನಕ್ಕೆ ಫ್ರೆಂಚರ ಕೈಗೆ ಹೋದದ್ದು ಹೇಗೆ?

ಅಡ್ಯಾರ್ ಕನ್ನಡಿಗ · ಭಾನುವಾರ ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ಊರು ಅರಸೀಕೆರೆ ಕಡೆ, ಕೆಲಸಕ್ಕೆ ಅಂತ ಚೆನ್ನೈಗೆ ಬಂದು ಹನ್ನೊಂದು ವರ್ಷ ಆಯ್ತು. ಸೇಂಟ್ ಜಾರ್ಜ್ ಕೋಟೆ ಮುಂದೆ ಬಸ್ಸಲ್ಲಿ ನೂರು ಸಲ ಹೋಗಿದ್ದೀನಿ, ಒಳಗೆ ಕಾಲಿಟ್ಟಿದ್ದು ಇವತ್ತೇ. ಎಂಟನೇ ಕ್ಲಾಸಿನ ಮಗಳೂ ಜೊತೆಗಿದ್ದಳು. ಕಂದಕ, ದಪ್ಪ ಗೋಡೆ, ಹೊರಕ್ಕೆ ಮೂತಿ ಚಾಚಿಕೊಂಡ ಕೊತ್ತಲಗಳು, ಎಲ್ಲ ನೋಡಿದ್ವಿ. ಪುದುಚೇರಿಯ ಫ್ರೆಂಚ್ ಗವರ್ನರ್ ಡೂಪ್ಲೆ, ಹಡಗುಗಳನ್ನ ತಂದು ಮದ್ರಾಸ್ ಹಿಡಿದ ಲಾ ಬೂರ್ದೊನೆ, ಇವರ ಕಥೆಯನ್ನ ನನಗೆ ಗೊತ್ತಿದ್ದಷ್ಟು ಹೇಳಿದೆ. ಅವಳು ಗೋಡೆ ಮೇಲೆ ಕೈ ಇಟ್ಟುಕೊಂಡೇ ಕೇಳಿದಳು: "ಅಪ್ಪಾ, ಇಷ್ಟು ದಪ್ಪ ಗೋಡೆ ಇಟ್ಕೊಂಡು ಮೂರೇ ದಿನಕ್ಕೆ ಯಾಕೆ ಬಿಟ್ಕೊಟ್ರು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಬ್ರಿಟಿಷರಿಗೆ ನೌಕಾಪಡೆ ಇತ್ತು, ದುಡ್ಡಿತ್ತು, ನೂರು ವರ್ಷದಿಂದ ಅಲ್ಲೇ ಬೇರು ಬಿಟ್ಟಿದ್ದರು. ಫ್ರೆಂಚರದ್ದು ಪುದುಚೇರಿಯಲ್ಲಿ ಒಂದು ಸಣ್ಣ ನೆಲೆ. ಸರಿಯಾಗಿ ತಿಳಿದವರು ಹೇಳಿ, ನಾಳೆ ಅವಳಿಗೆ ಹೇಳಬೇಕು.

ಹಳೇ ದಾಖಲೆ · ರಾತ್ರಿ 9:34

ಮಗಳ ಪ್ರಶ್ನೆ ಸರಿ ಇದೆ ಸರ್, ಆದರೆ ಅವಳು ಕೈ ಇಟ್ಟ ಗೋಡೆ 1746ರದ್ದಲ್ಲ. ಇವತ್ತು ಕಾಣೋ ಕಂದಕ, ಕೊತ್ತಲಗಳಲ್ಲಿ ಹೆಚ್ಚಿನವು 1749ರಲ್ಲಿ ಮದ್ರಾಸ್ ವಾಪಸ್ ಸಿಕ್ಕಮೇಲೆ ಪೆಟ್ಟು ತಿಂದು ಕಲಿತು ಕಟ್ಟಿದ್ದು. 1746ರ ಕೋಟೆ ಅಂದರೆ ತೆಳು ಗೋಡೆಯ ಒಂದು ವ್ಯಾಪಾರದ ಆವರಣ. ಉತ್ತರಕ್ಕೆ ಕಪ್ಪು ಪಟ್ಟಣದ (ಇಲ್ಲಿಯ ಜನ ಇದ್ದ ಪೇಟೆಗೆ ಇಂಗ್ಲಿಷರು ಇಟ್ಟ ಹೆಸರು) ಮನೆಗಳು ಕೋಟೆಗೆ ತೀರಾ ಒತ್ತಿಕೊಂಡಿದ್ದವು. ಒಳಗಿದ್ದ ಯುರೋಪಿಯನ್ ಸೈನಿಕರು ಮುನ್ನೂರರ ಆಸುಪಾಸು, ಕಾದಾಡೋ ಸ್ಥಿತಿಯಲ್ಲಿದ್ದವರು ಇನ್ನೂರು ಇದ್ದರೆ ಹೆಚ್ಚು. ಲಾ ಬೂರ್ದೊನೆ ಇಳಿಸಿದ್ದು ಸಾವಿರಕ್ಕೂ ಮಿಕ್ಕಿ ಫ್ರೆಂಚರನ್ನ, ಜೊತೆಗೆ ಮಾರಿಷಸ್ ಕಡೆಯಿಂದ ತಂದ ಕೆಲವು ನೂರು ಆಫ್ರಿಕನ್ನರು, ಸಿಪಾಯಿಗಳು.

ದಡದಿಂದ ಗುಂಡು, ಕಡಲಿಂದಲೂ ಗುಂಡು. ಸೆಪ್ಟೆಂಬರ್ 18ಕ್ಕೆ ಶುರು, 21ಕ್ಕೆ ಗವರ್ನರ್ ನಿಕೊಲಸ್ ಮೋರ್ಸ್ ಶರಣು. ಇಂಗ್ಲಿಷರ ಕಡೆ ಸತ್ತವರು ಆರು ಜನ.

ನಿವೃತ್ತ ಮೇಷ್ಟ್ರು · ರಾತ್ರಿ 9:41

ಸೆಪ್ಟೆಂಬರ್ 21 ಅಲ್ಲ, ಸೆಪ್ಟೆಂಬರ್ 10. ಮೂವತ್ತು ವರ್ಷ ಪಾಠ ಮಾಡಿದ್ದೇನೆ, ತಾರೀಕು ತಪ್ಪಿಸಬೇಡಿ.

ಹಳೇ ದಾಖಲೆ · ರಾತ್ರಿ 9:48

ಗುರುಗಳೇ, ಎರಡೂ ಸರಿ. ಆ ಕಾಲಕ್ಕೆ ಇಂಗ್ಲಿಷರು ಹಳೇ ಜೂಲಿಯನ್ ಪಂಚಾಂಗದಲ್ಲಿದ್ದರು, ಫ್ರೆಂಚರು ಗ್ರೆಗೋರಿಯನ್‌ನಲ್ಲಿ. ನಡುವೆ 11 ದಿನ ವ್ಯತ್ಯಾಸ. ಬ್ರಿಟನ್ ಹೊಸ ಪಂಚಾಂಗಕ್ಕೆ ಬಂದದ್ದು 1752ರಲ್ಲಿ. ಹಾಗಾಗಿ ಒಂದೇ ಮಧ್ಯಾಹ್ನ, ಒಂದೇ ಕೋಟೆ ಬಾಗಿಲು. ಸೋತವರ ಕಡತದಲ್ಲಿ 10, ಗೆದ್ದವರ ಕಡತದಲ್ಲಿ 21. ನಾನು ಫ್ರೆಂಚ್ ಲೆಕ್ಕದಲ್ಲಿ ಹೇಳ್ತಾ ಇದ್ದೀನಿ, ಮುಂದೆಯೂ ಹಾಗೇ ಹೇಳ್ತೀನಿ.

ನಿವೃತ್ತ ಮೇಷ್ಟ್ರು · ರಾತ್ರಿ 9:55

ಒಪ್ಪಿದೆ. ಇದು ನನಗೆ ಹೊಳೆದಿರಲಿಲ್ಲ. ಪಾಠ ಮಾಡುವಾಗ ಎರಡು ಪುಸ್ತಕದಲ್ಲಿ ಎರಡು ತಾರೀಕು ನೋಡಿ, ಒಂದನ್ನು ಅಚ್ಚಿನ ತಪ್ಪು ಅಂತ ಮಕ್ಕಳ ಕೈಲಿ ತಿದ್ದಿಸಿದ್ದೆ.

ಮಾಜಿ ನಾವಿಕ · ರಾತ್ರಿ 10:20

ಗೋಡೆ, ಸೈನಿಕರ ಲೆಕ್ಕ ಎಲ್ಲ ಸರಿ. ಆದರೆ ಮದ್ರಾಸ್ ಬಿದ್ದದ್ದು ಕೋಟೆಯಲ್ಲಲ್ಲ, ಕಡಲಲ್ಲಿ. ಅದೂ ಎರಡು ತಿಂಗಳು ಮುಂಚೆಯೇ.

ಲಾ ಬೂರ್ದೊನೆ ಮಾರಿಷಸ್‌ನ ಗವರ್ನರ್. ಅವನ ಹತ್ತಿರ ನಿಜವಾದ ಯುದ್ಧನೌಕೆ ಅಂತ ಇದ್ದದ್ದು 'ಅಶೀಲ್' ಒಂದೇ, ಉಳಿದವೆಲ್ಲ ಕಂಪನಿಯ ಸರಕು ಹಡಗಿಗೆ ತೋಪು ಕೂರಿಸಿದ್ದು. ದಾರಿಯಲ್ಲಿ ಬಿರುಗಾಳಿಗೆ ಸಿಕ್ಕಿ ಮಡಗಾಸ್ಕರ್ ದಡದಲ್ಲಿ ಮರ ಕಡಿಸಿ ರಿಪೇರಿ ಮಾಡಿಸಿಕೊಂಡು ಬಂದ. 1746ರ ಜುಲೈ 6ಕ್ಕೆ ನಾಗಪಟ್ಟಣದ ಎದುರು ಕಮೊಡೋರ್ ಪೇಟನ್ ಎದುರಾದ. ಹಡಗು ಕಡಿಮೆ ಇದ್ದರೂ ತೋಪಿನ ಬಲ ಬ್ರಿಟಿಷರ ಕಡೆಗೇ ಇತ್ತು. ಸಂಜೆವರೆಗೆ ಗುಂಡು ಹಾರಿಸಿದರು, ಯಾರೂ ಗೆಲ್ಲಲಿಲ್ಲ. ಮಾರನೇ ದಿನ ಪೇಟನ್ ತಿರುಗಿ ಕಾದಾಡಲಿಲ್ಲ, ತನ್ನ ಹಡಗಿನ ತಳ ಸೋರ್ತಿದೆ ಅಂತ ಟ್ರಿಂಕೊಮಲಿಗೆ ಹೋದ. ಆಗಸ್ಟ್‌ನಲ್ಲಿ ಫ್ರೆಂಚರು ಮತ್ತೆ ಕಣ್ಣಿಗೆ ಬಿದ್ದಾಗ ಬಂಗಾಳಕ್ಕೇ ಹೊರಟುಹೋದ. ಮದ್ರಾಸಿನವರು ದಿನಾ ದಿಗಂತ ನೋಡ್ತಾ ಕೂತಿದ್ದಿರಬೇಕು. ಬಂದದ್ದು ಬೇರೆಯವರ ಹಾಯಿ.

ಕಡಲ ಕಡೆಯಿಂದ ನೆರವು ಬರಲ್ಲ ಅಂತ ಗೊತ್ತಾದ ದಿನವೇ ಬಂದರು ಅರ್ಧ ಸೋತ ಹಾಗೆ. ನೌಕಾಪಡೆಯಲ್ಲಿ ನಮಗೆ ಮೊದಲು ಕಲಿಸಿದ್ದೇ ಇದು.

ಧಾರವಾಡದಾಂವ · ರಾತ್ರಿ 10:37

ಅಲ್ರೀ, ಅವನು ಅಂಜಿ ಓಡಿಹೋದ ಅಂತ ನೆಟ್ಟಗ ಹೇಳ್ರಿ. ತಳ ಸೋರತಿತ್ತು ಅಂತ ನೆಪ ಹೇಳಿದ್ರ ನಾವು ನಂಬಬೇಕೇನು?

ಮಾಜಿ ನಾವಿಕ · ರಾತ್ರಿ 10:44

ನೆಪ ಅಲ್ಲ ಅಣ್ಣಾ, 'ಮೆಡ್‌ವೇ' ಹಡಗು ಸೋರ್ತಿದ್ದದ್ದು ನಿಜ. ಆ ಬೆಚ್ಚನೆ ನೀರಲ್ಲಿ ಒಂದು ರೀತಿಯ ಹುಳ ಮರದ ತಳವನ್ನ ಜೇನುಗೂಡಿನ ಹಾಗೆ ಕೊರೆದುಬಿಡುತ್ತೆ. ಆದರೆ ಸೋರೋ ಹಡಗು ಬಂಗಾಳದವರೆಗೆ ಹೋಯ್ತು, ಮದ್ರಾಸಿಗೆ ಬರಲಿಲ್ಲ ಅನ್ನೋದೂ ನಿಜ. ಬ್ರಿಟಿಷರೂ ಕ್ಷಮಿಸಲಿಲ್ಲ. ಮುಂದೆ ಬಂದ ಅಧಿಕಾರಿ ಅವನನ್ನ ಬಂಧಿಸಿ ಊರಿಗೆ ಕಳಿಸಿದ.

ಪುದುಚೇರಿಯಿಂದ · ರಾತ್ರಿ 11:02

ಎಲ್ಲರೂ ಬ್ರಿಟಿಷ್ ಕಡೆಯಿಂದಲೇ ನೋಡ್ತಾ ಇದ್ದೀರಿ. ನಾನು ಇಪ್ಪತ್ತು ವರ್ಷದಿಂದ ಪುದುಚೇರಿಯಲ್ಲಿದ್ದೀನಿ, ಇಲ್ಲಿಯ ಮಾತನ್ನೂ ಕೇಳಿ. ಯುರೋಪಿನಲ್ಲಿ ಆಸ್ಟ್ರಿಯಾದ ಸಿಂಹಾಸನಕ್ಕಾಗಿ ಶುರುವಾದ ಜಗಳ ಅದು. ಇಲ್ಲಿ ಜಗಳ ಬೇಡ, ತಟಸ್ಥವಾಗಿರೋಣ ಅಂತ ಮೊದಲು ಕೇಳಿದವನು ಡೂಪ್ಲೆ. ರಾಜನ ನೌಕಾಪಡೆ ನನ್ನ ಮಾತು ಕೇಳಲ್ಲ ಅಂತ ಮೋರ್ಸ್ ಕೈ ಚೆಲ್ಲಿದ. ಅದರಂತೆ ಬ್ರಿಟಿಷ್ ಹಡಗುಗಳು ಬಂದು ಫ್ರೆಂಚ್ ಸರಕು ಹಡಗುಗಳನ್ನ ಹಿಡಿದವು. ಡೂಪ್ಲೆಯ ಸ್ವಂತ ದುಡ್ಡೂ ಅದರಲ್ಲಿ ಮುಳುಗಿತು. ಆಮೇಲೆ ಅವನು ಮಾರಿಷಸ್ ಕಡೆಗೆ ಕೈ ಚಾಚಿದ್ದು.

ಆರ್ಕಾಟಿನ ನವಾಬ ಅನ್ವರುದ್ದೀನ್ ಖಾನ್ ನನ್ನ ನೆಲದಲ್ಲಿ ನೀವು ಕಾದಾಡಕೂಡದು ಅಂದಿದ್ದ. ಬ್ರಿಟಿಷರು ರಕ್ಷಣೆ ಕೇಳಿಕೊಂಡು ಹೋದರು, ಉಡುಗೊರೆಯಿಲ್ಲದೆ ಬರಿಗೈಲಿ. ನಮ್ಮ ಕಡೆ ದರ್ಬಾರಿಗೆ ಬರಿಗೈಲಿ ಹೋಗ್ತಾರಾ? ನವಾಬ ಸುಮ್ಮನಾದ.

ಟ್ರಿಪ್ಲಿಕೇನ್ ಮೊಮ್ಮಗಳು · ಸೋಮವಾರ ಬೆಳಿಗ್ಗೆ 6:50

ನನಗೆ ಮದ್ರಾಸಿನ ದಾಳಿ ಅಂದರೆ ಒಂದೇ ಹೆಸರು: ಮೊದಲ ಮಹಾಯುದ್ಧದ ಜರ್ಮನ್ ಯುದ್ಧನೌಕೆ ಎಮ್ಡನ್. ನಮ್ಮ ಮುತ್ತಜ್ಜಿ ಮದುವೆಯಾಗಿ ಟ್ರಿಪ್ಲಿಕೇನಿಗೆ ಬಂದ ಹೊಸತು. 1914ರ ಸೆಪ್ಟೆಂಬರ್ 22, ರಾತ್ರಿ ಒಂಬತ್ತೂವರೆ ಹೊತ್ತು. ಊಟ ಮುಗಿಸಿ ಪಾತ್ರೆ ತೊಳೀತಿದ್ದರಂತೆ. ಗುಡುಗು ಅಂದುಕೊಂಡು ಒಣಗಿಹಾಕಿದ್ದ ಹಪ್ಪಳ ಎತ್ತೋಕೆ ಮಾಳಿಗೆಗೆ ಓಡಿದರು. ಮೇಲೆ ನೋಡಿದರೆ ಉತ್ತರದ ಆಕಾಶ ಕುಂಕುಮದ ಹಾಗೆ ಕೆಂಪು. ಎಣ್ಣೆ ಟ್ಯಾಂಕು ಉರೀತಿತ್ತು. ಹಪ್ಪಳದ ಚಾಪೆ ಸುತ್ತಿಕೊಂಡು ಹಾಗೇ ನಿಂತುಬಿಟ್ಟರಂತೆ. ಮಾರನೇ ದಿನ ಮನೆಮಂದಿಯೆಲ್ಲ ರೈಲು ಹತ್ತಿ ಬೆಂಗಳೂರಿಗೆ ಹೊರಟರು. ಸ್ಟೇಷನ್ನಲ್ಲಿ ಕಾಲಿಡೋಕೆ ಜಾಗ ಇರಲಿಲ್ಲ ಅಂತಿದ್ದರು.

ಇವತ್ತಿಗೂ ಅಲ್ಲಿ ತಮಿಳಿನಲ್ಲಿ ಭಾರಿ ಚಾಲಾಕಿ ಮನುಷ್ಯನಿಗೆ 'ಎಮ್ಡನ್' ಅಂತಾರೆ.

ಗಂಜಾಂ ಹುಡುಗ · ಬೆಳಿಗ್ಗೆ 7:15

ಎಮ್ಡನ್ ಹಡಗಲ್ಲಿ ನಮ್ಮ ಸ್ವಾತಂತ್ರ್ಯ ಹೋರಾಟಗಾರ ಚೆಂಪಕರಾಮನ್ ಪಿಳ್ಳೈ ಇದ್ದರು. ಅವರೇ ಗುರಿ ತೋರಿಸಿದ್ದು. ಇದನ್ನ ಯಾಕೆ ಯಾರೂ ಹೇಳಲ್ಲ?

ಹಳೇ ದಾಖಲೆ · ಬೆಳಿಗ್ಗೆ 7:40

ಹೇಳಲ್ಲ, ಯಾಕಂದರೆ ನಿಜ ಅಲ್ಲ. ಪಿಳ್ಳೈ ಆಗ ಯುರೋಪಿನಲ್ಲಿದ್ದರು. ಅವರ ಕೆಲಸ ದೊಡ್ಡದೇ, ಅದಕ್ಕೆ ಈ ಕಥೆಯ ಊರುಗೋಲು ಬೇಡ. ಎಮ್ಡನ್‌ನ ಕಪ್ತಾನ ಕಾರ್ಲ್ ಫಾನ್ ಮ್ಯುಲರ್‌ಗೆ ಗುರಿ ತೋರಿಸೋಕೆ ಯಾರೂ ಬೇಕಿರಲಿಲ್ಲ. ಬ್ರಿಟನ್ ಯುದ್ಧಕ್ಕಿಳಿದು ಏಳು ವಾರ ಆಗಿದ್ದರೂ ಮದ್ರಾಸಿನ ದೀಪಗಳೆಲ್ಲ ಉರೀತಿದ್ದವು. ಲೈಟ್‌ಹೌಸ್ ಕೂಡ.

ಅರ್ಧ ಗಂಟೆಯೊಳಗೆ ಸುಮಾರು 125 ಗುಂಡು, ಬರ್ಮಾ ಆಯಿಲ್ ಕಂಪನಿಯ ಎರಡು ಟ್ಯಾಂಕಿಗೆ ಬೆಂಕಿ, ಬಂದರಿನಲ್ಲಿದ್ದ 'ಚುಪ್ರಾ' ಹಡಗಿಗೆ ಹಾನಿ. ದಡದ ತೋಪುಗಳು ತಿರುಗಿ ಹಾರಿಸಿದವು, ತಾಗಲಿಲ್ಲ. ಮುಂದೆ ನವೆಂಬರ್ 9ಕ್ಕೆ ಕೊಕೊಸ್ ದ್ವೀಪದ ಹತ್ತಿರ ಆಸ್ಟ್ರೇಲಿಯಾದ 'ಸಿಡ್ನಿ' ಎಮ್ಡನ್‌ನ ಕಥೆ ಮುಗಿಸಿತು.

ಗಂಜಾಂ ಹುಡುಗ · ಬೆಳಿಗ್ಗೆ 7:52

ಸರಿ, ಒಪ್ಕೊಂಡೆ. ವಾಟ್ಸಾಪಲ್ಲಿ ಬಂದಿತ್ತು.

ಅಡ್ಯಾರ್ ಕನ್ನಡಿಗ · ಬೆಳಿಗ್ಗೆ 8:30

ಎಲ್ಲರಿಗೂ ಧನ್ಯವಾದ. ತಿಂಡಿ ತಿನ್ನುವಾಗ ಮಗಳಿಗೆ ಓದಿ ಹೇಳಿದೆ. ಗೋಡೆ ಬೇರೆ ಅಂತ ಗೊತ್ತಾದಾಗ ಅವಳಿಗೆ ಸ್ವಲ್ಪ ಬೇಜಾರಾಯ್ತು. ಅವಳ ಮುಂದಿನ ಪ್ರಶ್ನೆ: ಗೆದ್ದ ಫ್ರೆಂಚರು ಮದ್ರಾಸನ್ನ ಇಟ್ಟುಕೊಳ್ಳಲಿಲ್ಲ ಯಾಕೆ?

ಪುದುಚೇರಿಯಿಂದ · ಬೆಳಿಗ್ಗೆ 9:25

ಒಳಜಗಳ. ಲಾ ಬೂರ್ದೊನೆ 11 ಲಕ್ಷ ವರಹಕ್ಕೆ ಊರನ್ನ ವಾಪಸ್ ಕೊಡ್ತೀನಿ ಅಂತ ಇಂಗ್ಲಿಷರಿಗೆ ಮಾತು ಕೊಟ್ಟ. ಇಂಗ್ಲಿಷ್ ಕಾಗದಗಳಲ್ಲಿ ಪಗೋಡ ಅಂತ ಬರೋದು ನಮ್ಮ ವರಹವೇ, ವಿಜಯನಗರದ ಕಾಲದಿಂದ ಬಂದ ಚಿನ್ನದ ನಾಣ್ಯ. ಡೂಪ್ಲೆ ಒಪ್ಪಲಿಲ್ಲ. ಮದ್ರಾಸನ್ನ ನವಾಬನಿಗೆ ಕೊಡ್ತೀನಿ ಅಂತ ಅವನು ಆಗಲೇ ಮಾತು ಕೊಟ್ಟಾಗಿತ್ತು. ಒಬ್ಬ ಕಡಲಿನ ದೊರೆ, ಇನ್ನೊಬ್ಬ ನೆಲದ ದೊರೆ, ಗೆದ್ದ ಊರು ಯಾರ ಅಧಿಕಾರಕ್ಕೆ ಬರುತ್ತೆ ಅಂತ ಕಾಗದದ ಮೇಲೆ ಕಾಗದ. ಲಾ ಬೂರ್ದೊನೆ ಒಳಗಿಂದೊಳಗೆ ಲಂಚ ತಿಂದ ಅನ್ನೋ ಆರೋಪವೂ ಬಂತು. ಫ್ರಾನ್ಸಿಗೆ ಹೋದ ಮೇಲೆ ಅವನನ್ನ ಬಾಸ್ಟೀಲ್ ಸೆರೆಮನೆಗೆ ಹಾಕಿದರು. ಸುಮಾರು ಮೂರು ವರ್ಷ. 1751ರಲ್ಲಿ ನಿರ್ದೋಷಿ ಅಂತ ಬಿಟ್ಟರು, 1753ರಲ್ಲಿ ತೀರಿಕೊಂಡ.

ಆನಂದ ರಂಗ ಪಿಳ್ಳೈ ಅಂತ ಡೂಪ್ಲೆಯ ದುಬಾಷಿ, ಅಂದರೆ ಮಾತು ತರ್ಜುಮೆ ಮಾಡಿ ವ್ಯವಹಾರ ನೋಡಿಕೊಳ್ಳೋನು. 1736ರಿಂದ 1761ರವರೆಗೆ ತಮಿಳಿನಲ್ಲಿ ದಿನಚರಿ ಬರೆದಿಟ್ಟ. ಈ ಜಗಳವನ್ನ ಹತ್ತಿರದಿಂದ ಕಂಡ ನಮ್ಮವನ ಕಣ್ಣು ಅದು. ಯುರೋಪಿಯನ್ ಕಡತ ಎಷ್ಟೇ ಓದಿ, ಅವನನ್ನ ಓದದೆ ಈ ಕಥೆ ಪೂರ್ತಿ ಆಗಲ್ಲ. ಆಗಿನ ಸೋತ ಗವರ್ನರ್ ಮೋರ್ಸ್‌ನನ್ನ ಪುದುಚೇರಿಗೆ ತಂದು ಮೆರವಣಿಗೆ ಮಾಡಿಸಿದ್ದು ಇದೇ ಬೀದಿಗಳಲ್ಲಿ. ರಾಬರ್ಟ್ ಕ್ಲೈವ್ ಆಗ ಮದ್ರಾಸಿನಲ್ಲಿ ಗುಮಾಸ್ತ. ಇಲ್ಲಿಯವರ ವೇಷ ಹಾಕಿಕೊಂಡು ತಪ್ಪಿಸಿಕೊಂಡು ಕಡಲೂರಿನ ಸೇಂಟ್ ಡೇವಿಡ್ ಕೋಟೆ ಸೇರಿದ.

ಮಲ್ಪೆ ಕಡಲು · ಬೆಳಿಗ್ಗೆ 10:05

ಜಗಳ ಆಡ್ತಾ ಆಡ್ತಾ ಅಕ್ಟೋಬರ್ ಬಂತಲ್ಲ ಮಾರಾಯ್ರೆ! ಅದನ್ನ ಯಾರೂ ಹೇಳಲಿಲ್ಲ. ಆ ಮೂಡು ಕರಾವಳಿಯಲ್ಲಿ ಹಿಂಗಾರಿನ ಹೊತ್ತಿಗೆ ದೊಡ್ಡ ಹಡಗು ನಿಲ್ಲಿಸುವುದುಂಟಾ?

ಮಾಜಿ ನಾವಿಕ · ಬೆಳಿಗ್ಗೆ 10:30

ಅದನ್ನೇ ಬರೆಯೋಕೆ ಕೂತಿದ್ದೆ. ಮದ್ರಾಸಿಗೆ ಆಗ ಬಂದರೇ ಇರಲಿಲ್ಲ. ಕಟ್ಟಿದ ಬಂದರು ಬಂದದ್ದು 1870ರ ದಶಕದ ಮೇಲೆ, ಅದನ್ನೂ 1881ರ ಚಂಡಮಾರುತ ಒಡೆದುಹಾಕಿತು. 1746ರಲ್ಲಿ ಹಡಗುಗಳು ದೂರ ಕಡಲಲ್ಲಿ ಬಯಲಿಗೇ ಲಂಗರು ಹಾಕಬೇಕು. ಬೇಸಿಗೆ, ಮುಂಗಾರಿನಲ್ಲಿ ಗಾಳಿ ನೆಲದ ಕಡೆಯಿಂದ ಬೀಸೋದರಿಂದ ಪರವಾಗಿಲ್ಲ. ಅಕ್ಟೋಬರ್ ನಡುವಿನಲ್ಲಿ ಗಾಳಿ ತಿರುಗುತ್ತೆ, ಈಶಾನ್ಯದಿಂದ ದಡಕ್ಕೆ ತಳ್ಳುತ್ತೆ. ಲಂಗರು ಕಿತ್ತರೆ ಹಡಗು ಮರಳಿಗೆ. ಆಗ ಇರೋದು ಒಂದೇ ದಾರಿ, ಹಗ್ಗ ಕಡಿದು ಬಯಲು ಕಡಲಿಗೆ ಓಡೋದು.

ಅಕ್ಟೋಬರ್ 13ರ ರಾತ್ರಿ ಅದೇ ಆಯ್ತು. 'ಡ್ಯೂಕ್ ದೊರ್ಲಿಯಾಂ' ಮುಳುಗಿತು, ಇನ್ನೂ ಕೆಲವು ಹಡಗು ಹೋದವು, ಅಶೀಲ್‌ನ ಹಾಯಿಕಂಬಗಳು ಮುರಿದವು. ಸತ್ತ ಫ್ರೆಂಚ್ ನಾವಿಕರು ಸುಮಾರು 1200. ಮದ್ರಾಸ್ ಹಿಡಿಯುವಾಗ ಎರಡೂ ಕಡೆ ಸೇರಿ ಸತ್ತವರು ಕೈಬೆರಳೆಣಿಕೆ. ಲಾ ಬೂರ್ದೊನೆ ಆ ರಾತ್ರಿ ದಡದಲ್ಲಿದ್ದ. ಬೆಳಗಾದಾಗ ಕಡಲಲ್ಲಿ ತನ್ನ ಹಡಗು ಒಂದೂ ಕಾಣಲಿಲ್ಲ.

ಇದನ್ನ ಓದುವಾಗೆಲ್ಲ ನನಗೆ ಹೊಟ್ಟೆ ತೊಳಸುತ್ತೆ. ವರಹದ ಲೆಕ್ಕ ಮುಗಿಯೋವರೆಗೆ ಕಾಯಿ ಅಂತ ಆ ಹುಡುಗರನ್ನ ಅಲ್ಲಿ ನಿಲ್ಲಿಸಿದ್ದು.

ಮಲ್ಪೆ ಕಡಲು · ಬೆಳಿಗ್ಗೆ 10:52

ನಮ್ಮಲ್ಲಿ ಮಳೆಗಾಲಕ್ಕೆ ದೋಣಿ ದಡ ಹತ್ತಿಸಿ ಮಡಲು ಮುಚ್ಚಿಡುವ ಹಾಗೆ ಅಲ್ಲಿ ಹಿಂಗಾರಿಗೆ ಮಾಡಬೇಕು. ಕಡಲು ನೋಡಿ ಬೆಳೆದ ಯಾವ ಮುದುಕನನ್ನು ಕೇಳಿದ್ದರೂ ಹೇಳುತ್ತಿದ್ದ. ಕೇಳಲಿಲ್ಲ.

ನಿವೃತ್ತ ಮೇಷ್ಟ್ರು · ಬೆಳಿಗ್ಗೆ 11:20

ಬ್ರಿಟಿಷರಿಗೂ ಅದೇ ಗತಿ ಆಯಿತು. 1748ರಲ್ಲಿ ಬೊಸ್ಕವೆನ್ ದೊಡ್ಡ ನೌಕಾಪಡೆ ತಂದು ಪುದುಚೇರಿಗೆ ಮುತ್ತಿಗೆ ಹಾಕಿ ಮಳೆ ಬಂದು ಸೋತು ಹೋದ. 1749ರ ಏಪ್ರಿಲ್‌ನಲ್ಲಿ ಸೇಂಟ್ ಡೇವಿಡ್ ಕೋಟೆಯ ಎದುರು ಬಿರುಗಾಳಿಗೆ ಅವನ 'ನಮೂರ್' ಹಡಗು ಮುಳುಗಿತು. ಅಷ್ಟರಲ್ಲಿ ಯುರೋಪಿನಲ್ಲಿ ಎಕ್ಸ್ ಲಾ ಶಾಪೆಲ್ ಶಾಂತಿ ಒಪ್ಪಂದ ಆಗಿಹೋಗಿತ್ತು. ಮದ್ರಾಸನ್ನು ಬ್ರಿಟಿಷರಿಗೆ ಕೊಟ್ಟು, ಕೆನಡಾ ಕಡೆಯ ಲೂಯಿಬೂರ್ಗ್ ಕೋಟೆಯನ್ನು ಫ್ರೆಂಚರು ಪಡೆದರು. ಒಂದು ಕಾಳಿನ ಚೀಲಕ್ಕೆ ಇನ್ನೊಂದು ಚೀಲ ಅದಲು ಬದಲು ಮಾಡಿದಂತೆ.

ಧಾರವಾಡದಾಂವ · ಮಧ್ಯಾಹ್ನ 12:40

ಇಲ್ಲಿ ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನಿನ್ನೆಯಿಂದ ಓದಾಕತ್ತೀನಿ. ಡೂಪ್ಲೆ, ಪೇಟನ್, ಮೋರ್ಸ್, ಅವರ ಹಡಗಿನ ಹೆಸರೂ ಬಂತು. ಸತ್ತವರು ಆರು ಮಂದಿ ಅಂದ್ರಿ. ಆ ಆರು ಮಂದಿ ಕೋಟಿ ಒಳಗಿನವರು. ಗೋಡಿ ಹೊರಗ ಕಪ್ಪು ಪಟ್ಟಣದಾಗ ಸಾವಿರಗಟ್ಟಲೆ ನೇಕಾರರು, ಬಣ್ಣ ಹಾಕೋರು, ಹಮಾಲರು ಇದ್ದರಲ್ಲ? ಮೇಲಿಂದ ಬಿದ್ದ ಗುಂಡು ಅವರ ಮನಿ ಬಿಟ್ಟು ಬೀಳ್ತಿತ್ತೇನು? ನಮ್ಮಪ್ಪ ನೇಕಾರ. ಮಗ್ಗದ ಮ್ಯಾಲಿನ ಹಾಸು ಹರಿದ್ರ ಮೂರು ತಿಂಗಳ ಅನ್ನ ಹೋದಂಗ. ಮಗ್ಗ ಹೊತಗೊಂಡು ಓಡಾಕ ಆಗೂದಿಲ್ಲರಿ.

ಹಳೇ ದಾಖಲೆ · ಮಧ್ಯಾಹ್ನ 1:15

ಅಣ್ಣಾ, ನಿಮ್ಮ ಮಾತು ನೇರವಾಗಿ ನನಗೇ ತಾಗಿತು, ಆರು ಜನ ಅಂತ ಬರೆದವನು ನಾನೇ. ಗೊತ್ತಿರೋದನ್ನ ಹೇಳ್ತೀನಿ.

ದಾಳಿ ಬರುತ್ತೆ ಅಂತ ಗೊತ್ತಾದ ಕೂಡಲೇ ಊರಿನವರು ಬಿಟ್ಟು ಹೋಗೋಕೆ ಶುರು ಮಾಡಿದ್ದರು. ಫ್ರೆಂಚರು ಮೂರು ವರ್ಷ ಇದ್ದಾಗ ಕೋಟೆಗೆ ಅಂಟಿಕೊಂಡಿದ್ದ ಕಪ್ಪು ಪಟ್ಟಣದ ಮನೆಗಳನ್ನ ಕೆಡವಿದರು, ತೋಪಿಗೆ ಮುಂದೆ ಬಯಲು ಬೇಕು ಅಂತ. ವಾಪಸ್ ಬಂದ ಬ್ರಿಟಿಷರು ಆ ತಪ್ಪು ಸರಿಮಾಡಲಿಲ್ಲ, ಮುಂದುವರಿಸಿದರು. 1757ರ ಹೊತ್ತಿಗೆ ಉಳಿದದ್ದನ್ನೂ ಕೆಡವಿದರು. ಅಲ್ಲಿದ್ದ ಚೆನ್ನಕೇಶವ ಪೆರುಮಾಳ್ ಗುಡಿ ಕೂಡ ಹೋಯಿತು. ಈಗಿನ ಜಾರ್ಜ್ ಟೌನಿನಲ್ಲಿ ಚೆನ್ನ ಮಲ್ಲೀಶ್ವರನ ಜೊತೆ ಪಕ್ಕಪಕ್ಕ ಇರೋ ಗುಡಿ ಆಮೇಲೆ ಕಟ್ಟಿಸಿಕೊಟ್ಟದ್ದು. ಹಳೇ ಕಪ್ಪು ಪಟ್ಟಣ ಇದ್ದ ಜಾಗದಲ್ಲೇ ಇವತ್ತು ಮದ್ರಾಸ್ ಹೈಕೋರ್ಟ್ ಇದೆ. ಇನ್ನು ಮುಂದೆ ಈ ಬಯಲಲ್ಲಿ ಮನೆ ಕಟ್ಟಕೂಡದು ಅಂತ ಗಡಿಗೆ ಕಲ್ಲುಕಂಬ ನೆಟ್ಟರು. ಅವುಗಳಲ್ಲಿ ಒಂದು ಪ್ಯಾರೀಸ್ ಕಾರ್ನರ್ ಹತ್ತಿರ ಈಗಲೂ ನಿಂತಿದೆ.

ಧಾರವಾಡದಾಂವ · ಮಧ್ಯಾಹ್ನ 1:31

ಇದನ್ನ ಮೊದಲ ಹೇಳಬೇಕಿತ್ರಿ. ಕೋಟಿ ಯಾರ ಕೈಯಾಗ ಹೋತು ಅನ್ನೂದಕ್ಕಿಂತ ಇದು ದೊಡ್ಡ ಸುದ್ದಿ.

ಗಂಜಾಂ ಹುಡುಗ · ಮಧ್ಯಾಹ್ನ 2:10

ನನಗೆ ಈ ಇಡೀ ಕಥೆಯಲ್ಲಿ ಮುಖ್ಯ ಅನ್ಸೋದು ಅಡ್ಯಾರ್ ಹೊಳೆಯ ಕಾಳಗ. ಮಾತು ತಪ್ಪಿದ ಡೂಪ್ಲೆ ಮೇಲೆ ನವಾಬನ ಮಗ ಮಹಫೂಜ್ ಖಾನ್ ಹತ್ತು ಸಾವಿರದಷ್ಟು ದಂಡು ತಂದ. 1746ರ ನವೆಂಬರ್ 4ಕ್ಕೆ ಪರಾದಿ ಅನ್ನೋ ಸ್ವಿಸ್ ಅಧಿಕಾರಿ ಸಾವಿರ ಜನರನ್ನ ಇಟ್ಕೊಂಡು ಹೊಳೆ ದಾಟಿ ಆ ದಂಡನ್ನ ಓಡಿಸಿದ. ಆ ಸಾವಿರದಲ್ಲೂ ಹೆಚ್ಚಿನವರು ಇಲ್ಲಿಯ ಸಿಪಾಯಿಗಳೇ. ಕವಾಯತು ಕಲಿತ ಸಣ್ಣ ಪಡೆ ದೊಡ್ಡ ದಂಡನ್ನ ಮುರೀಬಹುದು ಅನ್ನೋದು ಯುರೋಪಿಯನ್ನರಿಗೆ ಖಚಿತ ಆದದ್ದು ಅವತ್ತು. ಮುಂದೆ ಹೈದರಾಲಿ ಫ್ರೆಂಚರನ್ನ ಇಟ್ಕೊಂಡು ಕವಾಯತು ಕಲಿಸಿದ್ದೂ ಅದಕ್ಕೇ.

ಮೈಸೂರಿನ ಕಥೆಗೂ ಬಂದರಿಗೂ ನೇರ ಗಂಟಿದೆ. 1779ರ ಮಾರ್ಚ್‌ನಲ್ಲಿ ಬ್ರಿಟಿಷರು ಫ್ರೆಂಚರ ಮಾಹೆ ಹಿಡಿದರು. ಹೈದರನಿಗೆ ಮದ್ದುಗುಂಡು, ಫ್ರೆಂಚ್ ಸಾಮಾನು ಬರ್ತಿದ್ದದ್ದು ಆ ಬಂದರಿನಿಂದ. ಅದು ನನ್ನ ರಕ್ಷಣೆಯಲ್ಲಿದೆ, ಮುಟ್ಟಬೇಡಿ ಅಂತ ಅವನು ಮೊದಲೇ ಎಚ್ಚರಿಸಿದ್ದ. ಕೇಳಲಿಲ್ಲ. 1780ರಲ್ಲಿ ಘಾಟಿ ಇಳಿದು ಆರ್ಕಾಟಿಗೆ ನುಗ್ಗಿದ, ಸೆಪ್ಟೆಂಬರ್ 10ಕ್ಕೆ ಪೊಲ್ಲಿಲೂರಿನಲ್ಲಿ ಬ್ರಿಟಿಷ್ ಅಧಿಕಾರಿ ಬೈಲಿಯ ಪಡೆ ಪೂರ್ತಿ ಸೋತಿತು. ನಮ್ಮ ದರಿಯಾ ದೌಲತ್ ಗೋಡೆ ಮೇಲೆ ಅದರ ಚಿತ್ರ ಇದೆ. ಶಾಲೆಯಿಂದ ಹತ್ತು ಸಲ ಕರ್ಕೊಂಡು ಹೋಗಿದ್ರು. ಮಾಹೆ ಹೆಸರನ್ನ ಒಂದು ಸಲವೂ ಹೇಳಿರಲಿಲ್ಲ.

ಪುದುಚೇರಿಯಿಂದ · ಮಧ್ಯಾಹ್ನ 2:45

ಇನ್ನೊಂದು ಗಂಟು: 1725ರಲ್ಲಿ ಮಾಹೆ ಹಿಡಿದ ಫ್ರೆಂಚ್ ಪಡೆಯಲ್ಲಿ ಇದೇ ಲಾ ಬೂರ್ದೊನೆ ಇದ್ದ. ಅವನ ಪೂರ್ತಿ ಹೆಸರಲ್ಲೂ 'ಮಾಹೆ' ಇದೆ. ಹಾಗಾಗಿ ಊರಿಗೆ ಅವನ ಹೆಸರು ಇಟ್ಟರು ಅಂತ ಇಲ್ಲಿ ಬಹಳ ಜನ ಹೇಳ್ತಾರೆ.

ಮಲ್ಪೆ ಕಡಲು · ಮಧ್ಯಾಹ್ನ 2:58

ಅದಲ್ಲ. ಊರು ಮಯ್ಯಳಿ, ಹೊಳೆಯೂ ಮಯ್ಯಳಿ. ಅಳಿವೆಯ ಊರು. ಫ್ರೆಂಚರ ಬಾಯಲ್ಲಿ ಮಾಹೆ ಆಯಿತು ಅಷ್ಟೇ. ಹೊಳೆಗೆ ಯಾರಾದರೂ ಗವರ್ನರನ ಹೆಸರು ಕೇಳಿಕೊಂಡು ಹರಿಯುತ್ತದಾ?

ಕೊಡಿಯಾಲದವಳು · ಸಂಜೆ 4:20

ಮಂಗಳೂರನ್ನು ಬಿಟ್ಟುಬಿಟ್ಟಿರಲ್ಲ! 1780ರ ಡಿಸೆಂಬರ್‌ನಲ್ಲಿ ಬ್ರಿಟಿಷ್ ನೌಕಾಪಡೆಯ ಎಡ್ವರ್ಡ್ ಹ್ಯೂಸ್ ಇಲ್ಲಿ ಲಂಗರು ಹಾಕಿದ್ದ ಹೈದರನ ಹಡಗುಗಳನ್ನು ಸುಟ್ಟದ್ದು. ಆಮೇಲೆ 1783ರ ಮೇ ತಿಂಗಳಿಂದ ಟಿಪ್ಪು ಮಂಗಳೂರು ಕೋಟೆಗೆ ಮುತ್ತಿಗೆ ಹಾಕಿದ. ಒಳಗೆ ಬ್ರಿಟಿಷ್ ಅಧಿಕಾರಿ ಕ್ಯಾಂಪ್‌ಬೆಲ್, ಹೊರಗೆ ಟಿಪ್ಪುವಿನ ಜೊತೆ ಫ್ರೆಂಚರೂ ಇದ್ದರು. ಯುರೋಪಿನಲ್ಲಿ ರಾಜಿ ಆಯಿತು ಅಂತ ಸುದ್ದಿ ಬಂದದ್ದೇ ತಡ, ಫ್ರೆಂಚರು ನಾವಿನ್ನು ಗುಂಡು ಹಾರಿಸುವುದಿಲ್ಲ ಅಂತ ಟಿಪ್ಪುವನ್ನು ನಡುವೆ ಬಿಟ್ಟು ಬದಿಗೆ ಹೋದರು. ಕೋಟೆ ಶರಣಾದದ್ದು ಮುಂದಿನ ಜನವರಿಗೆ, ಒಳಗಿನವರು ಹಸಿವೆಯಿಂದ, ಕಾಯಿಲೆಯಿಂದ ಸೋತ ಮೇಲೆ.

ಕಡಲೂರಿನಲ್ಲಿ ಇದಕ್ಕೆ ಉಲ್ಟಾ. ಫ್ರೆಂಚ್ ಅಡ್ಮಿರಲ್ ಸಫ್ರೆನ್ ಮತ್ತು ಹ್ಯೂಸ್ 1783ರ ಜೂನ್ 20ರಂದು ಕಾದಾಡಿದರು. ರಾಜಿ ಆಗಿದ್ದು ಜನವರಿಯಲ್ಲೇ. ಸುದ್ದಿ ಇನ್ನೂ ಕಡಲಲ್ಲಿತ್ತು. ಆ ದಿನ ಸತ್ತವರನ್ನು ನೆನೆಸಿದರೆ ನನಗೆ ಸಂಕಟವಾಗುತ್ತದೆ.

ಮನಿಲಾವಾಸಿ · ಸಂಜೆ 6:15

ಸುದ್ದಿ ತಡವಾದ ಮಾತು ಬಂತಲ್ಲ, ನಾನಿರೋ ಊರಿನ ಕಥೆ ಕೇಳಿ. 1762ರ ಸೆಪ್ಟೆಂಬರ್‌ನಲ್ಲಿ ಮನಿಲಾ ಕೊಲ್ಲಿಗೆ ಬ್ರಿಟಿಷ್ ಹಡಗುಗಳು ಬಂದಾಗ, ಸ್ಪೇನಿಗೂ ಬ್ರಿಟನ್ನಿಗೂ ಯುದ್ಧ ಆಗಿದೆ ಅನ್ನೋದೇ ಇಲ್ಲಿಯವರಿಗೆ ಸರಿಯಾಗಿ ಗೊತ್ತಿರಲಿಲ್ಲ. ಊರಿನ ಮುಖ್ಯಸ್ಥ ಒಬ್ಬ ಆರ್ಚ್‌ಬಿಷಪ್. ಅಕ್ಟೋಬರ್ 6ಕ್ಕೆ ಊರು ಬಿತ್ತು.

ಆ ಹಡಗುಗಳು ಹೊರಟದ್ದು ಎಲ್ಲಿಂದ? ಮದ್ರಾಸಿನಿಂದ! ಸೇನಾಪತಿ ವಿಲಿಯಂ ಡ್ರೇಪರ್, 1758ರಲ್ಲಿ ಫ್ರೆಂಚ್ ಸೇನಾಪತಿ ಲಾಲಿ ಮದ್ರಾಸಿಗೆ ಮುತ್ತಿಗೆ ಹಾಕಿದಾಗ ಕೋಟೆಯೊಳಗಿದ್ದವನೇ. ಹಡಗಿನಲ್ಲಿ ಕೆಲವು ನೂರು ಮದ್ರಾಸ್ ಸಿಪಾಯಿಗಳೂ ಇದ್ದರು. ಇಲ್ಲೂ ಅದೇ ವ್ಯವಹಾರ: ಊರನ್ನ ಲೂಟಿಯಿಂದ ಬಿಡೋಕೆ 40 ಲಕ್ಷ ಸ್ಪ್ಯಾನಿಷ್ ಡಾಲರ್ ಕೊಡಿ ಅಂದರು. ಅರ್ಧಕ್ಕೆ ಮ್ಯಾಡ್ರಿಡ್ ಖಜಾನೆ ಮೇಲೆ ಹುಂಡಿ ಬರೆಸಿಕೊಂಡರು. ಸ್ಪೇನ್ ಆ ಹುಂಡಿಗೆ ದುಡ್ಡು ಕೊಡಲೇ ಇಲ್ಲ.

1764ರಲ್ಲಿ ಬ್ರಿಟಿಷರು ಹೋದಾಗ ಕೆಲವು ಸಿಪಾಯಿಗಳು ವಾಪಸ್ ಹೋಗಲಿಲ್ಲ. ಮನಿಲಾ ಪಕ್ಕದ ಕಾಯಿಂತಾ ಅನ್ನೋ ಊರಲ್ಲಿ ನೆಲೆಸಿದರು, ಇಲ್ಲಿಯವರನ್ನ ಮದುವೆಯಾದರು. ಅವರ ವಂಶದವರು ಈಗಲೂ ಇದ್ದಾರೆ. ನನ್ನ ಆಫೀಸಿನಲ್ಲಿ ಆ ಕಡೆಯ ಹೆಂಗಸೊಬ್ಬರು ಕೆಲಸ ಮಾಡ್ತಾರೆ. ನಾನು ಡಬ್ಬಿ ತೆರೆದು ಹುಳಿ ಬಿಸಿ ಮಾಡಿದರೆ ಬಂದು ವಾಸನೆ ನೋಡಿ, ನಮ್ಮಜ್ಜಿಯ ಮನೆಯಲ್ಲೂ ಅರಿಶಿನ ಹಾಕಿ ಹೀಗೇ ಗಟ್ಟಿ ಸಾರು ಮಾಡ್ತಿದ್ದರು ಅಂದರು. ಅವತ್ತು ಡಬ್ಬಿ ಅವರಿಗೇ ಕೊಟ್ಟೆ.

ಟ್ರಿಪ್ಲಿಕೇನ್ ಮೊಮ್ಮಗಳು · ಸಂಜೆ 6:40

ಮೇಡಂ, ಇದನ್ನ ಓದಿ ಕಣ್ಣು ತುಂಬಿಬಂತು. ಆ ಸಿಪಾಯಿಗಳ ಅಮ್ಮಂದಿರು ಇಲ್ಲಿ ಎಷ್ಟು ವರ್ಷ ಕಾದಿರಬೇಕು.

ಅಡ್ಯಾರ್ ಕನ್ನಡಿಗ · ಸಂಜೆ 7:30

ಲಾಲಿಯ ಹೆಸರು ಬಂತಲ್ಲ. ಅವನು ಮುತ್ತಿಗೆ ಹಾಕಿದಾಗ ಕೋಟೆ ಬೀಳಲಿಲ್ಲವಲ್ಲ? ಆಗ ಗೋಡೆಯಿಂದ ಉಳಿಯಿತೋ, ನೌಕಾಪಡೆಯಿಂದಲೋ?

ಹಳೇ ದಾಖಲೆ · ಸಂಜೆ 7:48

ಗೋಡೆ. 1758ರ ಡಿಸೆಂಬರ್‌ನಿಂದ ಎರಡು ತಿಂಗಳು ಅದು ತಡೆಯದಿದ್ದರೆ ಬಂದ ಹಡಗು ಏನು ಮಾಡೋಕಾಗ್ತಿತ್ತು?

ಮಾಜಿ ನಾವಿಕ · ಸಂಜೆ 7:59

ಹಡಗು. 1759ರ ಫೆಬ್ರವರಿ 16ಕ್ಕೆ ಬ್ರಿಟಿಷ್ ಹಾಯಿಗಳು ಕಂಡವು, ಮಾರನೇ ಬೆಳಿಗ್ಗೆಗೆ ಲಾಲಿ ಡೇರೆ ಕಿತ್ತಿದ್ದ. ಗೋಡೆ ಸಮಯ ಕೊಟ್ಟಿತು, ಒಪ್ಪುತ್ತೀನಿ. ಸಮಯ ಕೊಟ್ಟದ್ದು ಯಾರಿಗೆ? ಹಡಗಿಗೆ.

ಹಳೇ ದಾಖಲೆ · ರಾತ್ರಿ 8:06

ಇದನ್ನ ನಾನು ಬಿಡಲ್ಲ ಸರ್, ಆದರೆ ಇವತ್ತಿಗೆ ಸಾಕು.

ಅಡ್ಯಾರ್ ಕನ್ನಡಿಗ · ಮುಂದಿನ ಭಾನುವಾರ, ಮಧ್ಯಾಹ್ನ 1:05

ಇವತ್ತು ಮತ್ತೆ ಹೋಗಿದ್ವಿ. ಹೈಕೋರ್ಟ್ ಕಾಂಪೌಂಡ್ ಗೋಡೆಯಲ್ಲಿ ಎಮ್ಡನ್ ಗುಂಡು ಬಿದ್ದ ಜಾಗದ ಕಲ್ಲು ನೋಡಿದ್ವಿ, ಪ್ಯಾರೀಸ್ ಕಾರ್ನರ್‌ನ ಗಡಿಕಂಬವನ್ನೂ ಹುಡುಕಿದ್ವಿ. ಕಂಬ ಇರೋ ಜಾಗದಲ್ಲಿ ಜನ ಹೂವು, ಮೊಬೈಲ್ ಕವರ್ ಮಾರ್ತಾ ಇದ್ದರು. ಮಗಳು ಅಲ್ಲಿಂದ ಹೈಕೋರ್ಟಿನವರೆಗೆ ಹೆಜ್ಜೆ ಎಣಿಸಿಕೊಂಡು ನಡೆದಳು, ಇದರೊಳಗೆ ಎಷ್ಟು ಮನೆ ಇದ್ದಿರಬಹುದು ಅಂತ. ಐನೂರು ದಾಟಿದ ಮೇಲೆ ಬಿಟ್ಟಳು.

ಅವಳದ್ದು ಕೊನೆಯ ಪ್ರಶ್ನೆ, ಮಲ್ಪೆಯವರಿಗೆ: ಬಂದರು ಇಲ್ಲದಿದ್ದರೆ ಅಷ್ಟು ದೊಡ್ಡ ತೋಪುಗಳನ್ನ ಹಡಗಿನಿಂದ ದಡಕ್ಕೆ ತಂದದ್ದು ಯಾರು, ಹೇಗೆ?

ಮಲ್ಪೆ ಕಡಲು · ಭಾನುವಾರ ಸಂಜೆ 5:30

ಒಳ್ಳೆ ಪ್ರಶ್ನೆ ಕೇಳಿದಳು ಮಗು. ಮದ್ರಾಸಿನ ದಡದಲ್ಲಿ ತೆರೆ ಒಂದರ ಹಿಂದೆ ಒಂದು ಒಡೆಯುತ್ತದೆ. ಹಡಗಿನ ಗಟ್ಟಿ ದೋಣಿ ತಂದರೆ ನೆಲಕ್ಕೆ ಬಡಿದು ಚೂರಾಗುತ್ತದೆ. ಅಲ್ಲಿಯ ಬೆಸ್ತರ ಹತ್ತಿರ ಮಸೂಲಾ ದೋಣಿ ಅಂತ ಇತ್ತು. ಮೊಳೆ ಹೊಡೆಯುವುದಿಲ್ಲ. ಹಲಗೆಯ ಅಂಚಿಗೆ ತೂತು ಕೊರೆದು, ನಡುವೆ ನಾರು ತುಂಬಿ, ತೆಂಗಿನ ಹುರಿಯಿಂದ ಹೊಲಿಯುವುದು. ತೆರೆ ಬಡಿದರೆ ಹಲಗೆ ಬಾಗುತ್ತದೆ, ಒಡೆಯುವುದಿಲ್ಲ. ಬ್ರಿಟಿಷರ ಬಟ್ಟೆಯ ಮೂಟೆ ಹಡಗಿಗೆ ಹೋದದ್ದು, ಗವರ್ನರುಗಳು ದಡಕ್ಕೆ ಬಂದದ್ದು ಎಲ್ಲ ಅದರಲ್ಲೇ. ಆ ದೋಣಿಯವರು ಬರುವುದಿಲ್ಲ ಅಂದರೆ ಎಂಥ ಅಡ್ಮಿರಲ್ ಆದರೂ ಹಡಗಿನಲ್ಲೇ ಕೂರಬೇಕಿತ್ತು.

ನಮ್ಮ ದೊಡ್ಡಪ್ಪ ಹೊಲಿದ ದೋಣಿ ಕಂಡವರು. ಎಂಬತ್ತೆರಡು ವರ್ಷ. ಆ ಹೊಲಿಗೆ ಹೇಗೆ ಹಾಕುವುದು ಅಂತ ಕೇಳಿದ್ದಕ್ಕೆ ಈಗ ಅಂಗಳದಲ್ಲಿ ಎರಡು ತುಂಡು ಹಲಗೆ, ಹುರಿ ಇಟ್ಟುಕೊಂಡು ಕೂತಿದ್ದಾರೆ. ಮೊದಲನೇ ಗಂಟು ಸರಿ ಬಂತು, ಎರಡನೆಯದು ಬಿಚ್ಚಿ ಮತ್ತೆ ಹಾಕುತ್ತಿದ್ದಾರೆ. ಮುಗಿದ ಮೇಲೆ ಫೋಟೊ ಹಾಕುತ್ತೇನೆ, ಮಗಳಿಗೆ ತೋರಿಸಿ.